ಎಡೆ ಇಡುವ ಮನೆಗಳು: ವಿಯೆಟ್ನಾಂ ಸಮಾಜದ ಬಗ್ಗೆ ಕೆಲವು ಮಾತು

ಎಲ್ಲರಿಗೂ ನಮಸ್ಕಾರ.

ವಿಯೆಟ್ನಾಂನಲ್ಲಿ ಸರ್ಕಾರ ಗುರುತಿಸಿರುವ ಜನಾಂಗಗಳೇ 54. ಅದರಲ್ಲಿ ಕಿನ್ ಜನ ಶೇ. 85ರಷ್ಟಿದ್ದಾರೆ. ಇಷ್ಟು ದೊಡ್ಡ ಸಮಾಜವನ್ನು ಒಂದು ಭಾಷಣದಲ್ಲಿ ಪೂರ್ತಿ ತೋರಿಸಲು ಆಗುವುದಿಲ್ಲ. ಅದಕ್ಕೇ ಇವತ್ತು ಒಂದೇ ಜಾಗದಲ್ಲಿ ನಿಂತು ನೋಡೋಣ. ಆ ಜಾಗ ಅಲ್ಲಿನ ಮನೆಗಳಲ್ಲಿರುವ ಹಿರಿಯರ ಪೀಠ.

ಬಡವರ ಮನೆಯಲ್ಲಿ ಅದು ಗೋಡೆಗೆ ಹೊಡೆದ ಒಂದು ಹಲಗೆ. ಉಳ್ಳವರ ಮನೆಯಲ್ಲಿ ಕೆತ್ತನೆ ಮಾಡಿದ ಎತ್ತರದ ಮರದ ಮೇಜು. ಅದರ ಮೇಲೆ ತೀರಿಕೊಂಡ ಅಜ್ಜ, ಅಜ್ಜಿ, ಅಪ್ಪ, ಅಮ್ಮನ ಫೋಟೊ. ಮುಂದೆ ಊದುಬತ್ತಿ ಸಿಕ್ಕಿಸುವ ಬೋಗುಣಿ, ಹೂವು, ಹಣ್ಣು, ನೀರು. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ತಪ್ಪದೆ ಊದುಬತ್ತಿ ಹಚ್ಚುತ್ತಾರೆ. ಮಗ ಪರೀಕ್ಷೆ ಪಾಸಾದರೂ, ಮಗಳಿಗೆ ಕೆಲಸ ಸಿಕ್ಕರೂ ಸುದ್ದಿ ಮೊದಲು ಇಲ್ಲಿಗೆ ಬರುತ್ತದೆ. ಮದುವೆಯಲ್ಲಿ ಗಂಡಿನ ಕಡೆಯವರು ಕೆಂಪು ಬಟ್ಟೆ ಹೊದಿಸಿದ ತಟ್ಟೆಗಳಲ್ಲಿ ಎಲೆ, ಅಡಿಕೆ ತರುತ್ತಾರೆ. ಹೆಣ್ಣಿನ ಮನೆಯ ಪೀಠದ ಮುಂದೆ ಜೋಡಿ ನಿಂತು ಕೈಮುಗಿಯದೆ ಶಾಸ್ತ್ರ ಮುಗಿಯುವುದಿಲ್ಲ. ಎಲೆ ಅಡಿಕೆ ಅಗಿಯುವ ಅಭ್ಯಾಸ ಅಲ್ಲಿ ಈಗ ಹಳ್ಳಿಯ ಮುದುಕಿಯರಲ್ಲಿ ಮಾತ್ರ ಉಳಿದಿದೆ. ಮದುವೆಯಿಂದ ಮಾತ್ರ ಅದನ್ನು ಯಾರೂ ಹೊರಗಿಟ್ಟಿಲ್ಲ.

ವರ್ಷಕ್ಕೊಮ್ಮೆ ಸತ್ತವರ ತಿಥಿ ಬರುತ್ತದೆ. ಅವರಿಗೆ ಇಷ್ಟವಾಗಿದ್ದ ಅಡುಗೆಯನ್ನೇ ಮಾಡಿ ಪೀಠದ ಮೇಲೆ ಇಡುತ್ತಾರೆ. ಮಾಂಸವೂ ಇರುತ್ತದೆ, ಅಕ್ಕಿಯ ಹೆಂಡವೂ ಇರುತ್ತದೆ. ಊದುಬತ್ತಿ ಉರಿದು ಮುಗಿಯುವವರೆಗೆ ಕಾದು, ಆಮೇಲೆ ಅದೇ ಊಟವನ್ನು ಕೆಳಗಿಳಿಸಿ ನೆಂಟರೆಲ್ಲ ಒಟ್ಟಿಗೆ ಕೂತು ಉಣ್ಣುತ್ತಾರೆ. ಹಳೇ ಮೈಸೂರು ಕಡೆ ಹಿರಿಯರ ಹಬ್ಬದಲ್ಲಿ ಎಡೆ ಇಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಈಗ ಟೆಟ್ ಹಬ್ಬಕ್ಕೆ ಬರೋಣ. ಇದು ಅವರ ಹೊಸ ವರ್ಷ. ಜನವರಿ ಕೊನೆ ಅಥವಾ ಫೆಬ್ರುವರಿಯಲ್ಲಿ ಬೀಳುತ್ತದೆ. ಹಬ್ಬಕ್ಕೆ ಒಂದು ವಾರ ಮುಂಚೆ, ಹನ್ನೆರಡನೇ ತಿಂಗಳ 23ಕ್ಕೆ, ಒಲೆಯ ದೇವರನ್ನು ಬೀಳ್ಕೊಡುತ್ತಾರೆ. ಮನೆಯಲ್ಲಿ ವರ್ಷವಿಡೀ ಏನೇನು ನಡೆಯಿತು ಎಂದು ಸ್ವರ್ಗದ ಒಡೆಯನಿಗೆ ವರದಿ ಒಪ್ಪಿಸುವವನು ಅವನೇ. ಅವನ ವಾಹನ ಮೀನು. ಅದಕ್ಕೇ ಆ ದಿನ ಹನೋಯ್‌ನ ಜನ ಕೆಂಪು ಮೀನುಗಳನ್ನು ಕೊಂಡು ತಂದು, ಪೂಜೆ ಮಾಡಿ, ಕೆರೆಗೆ, ನದಿಗೆ ಬಿಡುತ್ತಾರೆ.

ಆಮೇಲೆ ಬಾನ್ ಚುಂಗ್ ಎಂಬ ಅಕ್ಕಿಯ ಕಡುಬು ಕಟ್ಟುವ ಕೆಲಸ. ಅಂಟಕ್ಕಿಯನ್ನು ಮೊದಲೇ ನೆನೆಸಿರುತ್ತಾರೆ. ಹಸಿರು ಅಗಲ ಎಲೆಯನ್ನು ಚೌಕವಾಗಿ ಮಡಿಸಿ ಮೊದಲು ಅಕ್ಕಿ, ಅದರ ಮೇಲೆ ಹೆಸರುಬೇಳೆ, ನಡುವೆ ಮೆಣಸು ಹಚ್ಚಿದ ಹಂದಿ ಮಾಂಸ, ಮತ್ತೆ ಬೇಳೆ, ಮತ್ತೆ ಅಕ್ಕಿ ಹಾಕುತ್ತಾರೆ. ಬಿದಿರಿನ ಸೀಳಿನಿಂದ ಬಿಗಿಯಾಗಿ ಕಟ್ಟುತ್ತಾರೆ. ದೊಡ್ಡ ಹಂಡೆಯಲ್ಲಿ ಹತ್ತು ಹನ್ನೆರಡು ಗಂಟೆ ಬೇಯಬೇಕು. ನೀರು ಇಂಗಿದ ಹಾಗೆಲ್ಲ ಬಿಸಿನೀರು ಹಾಕುತ್ತಿರಬೇಕು. ಹಾಗಾಗಿ ರಾತ್ರಿಯೆಲ್ಲ ಒಬ್ಬರಾದರೂ ಒಲೆ ಹತ್ತಿರ ಎದ್ದಿರಬೇಕು. ಮಕ್ಕಳಿಗೆ ಆ ರಾತ್ರಿ ನಿದ್ದೆ ಮಾಡು ಎಂದು ಯಾರೂ ಗದರುವುದಿಲ್ಲ. ಬೆಂದ ಮೇಲೆ ಭಾರ ಹೇರಿ ನೀರು ಹಿಂಡಿ, ಚೆನ್ನಾಗಿರುವ ಒಂದು ಜೋಡಿಯನ್ನು ಪೀಠಕ್ಕೆ ಇಡುತ್ತಾರೆ. ದಕ್ಷಿಣದಲ್ಲಿ ಇದನ್ನೇ ಬಾಳೆ ಎಲೆಯಲ್ಲಿ ಉದ್ದಕ್ಕೆ ಸುತ್ತುತ್ತಾರೆ. ಅಲ್ಲಿ ಅದರ ಹೆಸರು ಬಾನ್ ಟೆಟ್. ಪೇಟೆಯವರು ಈಗ ಅಂಗಡಿಯಿಂದ ತರುವುದೇ ಜಾಸ್ತಿ. ಆದರೂ ಕಾರ್ಖಾನೆಯ ಕೆಲಸಕ್ಕೆ ಊರು ಬಿಟ್ಟು ಬಂದ ಹುಡುಗ, ಹುಡುಗಿಯರು ಬಸ್ಸು, ರೈಲು ಹತ್ತಿ ಟೆಟ್‌ಗೆ ಊರು ಸೇರಲೇಬೇಕು.

ಮನೆಗೆ ಹಿರಿಯರಿರುವಂತೆ ದೇಶಕ್ಕೂ ಹಿರಿಯರಿದ್ದಾರೆ. ಅವರೇ ಹುಂಗ್ ರಾಜರು. ಮೂರನೇ ತಿಂಗಳ 10ಕ್ಕೆ ಅವರ ತಿಥಿ. 2007ರಿಂದ ಅದು ಸರ್ಕಾರಿ ರಜೆ. ಒಬ್ಬ ತಾಯಿ ನೂರು ಮೊಟ್ಟೆ ಇಟ್ಟಳು, ಐವತ್ತು ಮಕ್ಕಳು ಅವಳ ಜೊತೆ ಬೆಟ್ಟಕ್ಕೆ ಹೋದರು, ಐವತ್ತು ಮಕ್ಕಳು ಅಪ್ಪನ ಹಿಂದೆ ಸಮುದ್ರದ ಕಡೆ ಹೋದರು ಎಂದು ಈ ರಾಜರ ಮೂಲದ ಕಥೆ. ಸುಮಾರು ಸಾವಿರ ವರ್ಷ ಚೀನಾದ ಆಳ್ವಿಕೆಯಲ್ಲಿದ್ದು, 938ರಲ್ಲಿ ಬಿಡಿಸಿಕೊಂಡ ಜನ ಇವರು. ನಾವೇ ಬೇರೆ, ನಮ್ಮ ಮೂಲವೇ ಬೇರೆ ಎನ್ನಲು ಇಂಥ ಕಥೆ ಅವರಿಗೆ ಬೇಕಿತ್ತು ಎಂದು ನನಗೆ ಅನಿಸುತ್ತದೆ.

ಮನೆ ಸೇರದೆ ಸತ್ತವರ ಗತಿ ಏನು? ಏಳನೇ ತಿಂಗಳ ಹುಣ್ಣಿಮೆಯಲ್ಲಿ ಅಂಥವರಿಗಾಗಿ ಮನೆಯ ಹೊರಗೆ ತೆಳು ಗಂಜಿ, ಉಪ್ಪು, ಅಕ್ಕಿ ಇಡುತ್ತಾರೆ. ಇದು ಸುಮ್ನೆ ನಡೆದುಕೊಂಡು ಬಂದ ಶಾಸ್ತ್ರ ಅಲ್ಲ. 1975ರಲ್ಲಿ ಉತ್ತರ, ದಕ್ಷಿಣ ವಿಯೆಟ್ನಾಂ ನಡುವಿನ, ಅಮೆರಿಕವೂ ಇಳಿದಿದ್ದ ಯುದ್ಧ ಮುಗಿದಾಗ ಲಕ್ಷಾಂತರ ಸೈನಿಕರ ಅಸ್ಥಿ ಸಿಕ್ಕಿರಲಿಲ್ಲ, ಅಥವಾ ಸಿಕ್ಕರೂ ಯಾರದೆಂದು ತಿಳಿಯಲಿಲ್ಲ. ಕುಟುಂಬಗಳು ಇವತ್ತಿಗೂ ಹುಡುಕುತ್ತಿವೆ. ಒಂದೇ ಮನೆಯ ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ ನಿಂತು ಸತ್ತದ್ದೂ ಇದೆ. ಸೋತ ಕಡೆಯವನ ಫೋಟೊವನ್ನು ಪೀಠದ ಮೇಲೆ ಇಡಲು ವರ್ಷಗಟ್ಟಲೆ ಹೆದರಿದ ಮನೆಗಳಿವೆ. ಯುದ್ಧದ ಬಗ್ಗೆ ಓದುವಾಗ ನನ್ನನ್ನು ಅತಿ ಹೆಚ್ಚು ಕಾಡಿದ್ದು ಬಾಂಬುಗಳ ಲೆಕ್ಕ ಅಲ್ಲ, ಈ ಫೋಟೊ.

2019ರ ಜನಗಣತಿಯಲ್ಲಿ ಅಲ್ಲಿನ ಶೇ. 86ರಷ್ಟು ಜನ ತಮಗೆ ಯಾವ ಧರ್ಮವೂ ಇಲ್ಲ ಎಂದು ಬರೆಸಿದ್ದಾರೆ. ಆಳುವುದು ಕಮ್ಯುನಿಸ್ಟ್ ಪಕ್ಷ. ಒಂದು ಕಾಲದಲ್ಲಿ ಅದ್ದೂರಿ ತಿಥಿ, ಜಾತ್ರೆಗಳನ್ನು ಸರ್ಕಾರವೇ ತಡೆಯುತ್ತಿತ್ತು. 1986ರ ಆರ್ಥಿಕ ಸುಧಾರಣೆಯ ನಂತರ ಅವೆಲ್ಲ ಮತ್ತೆ ಚಿಗುರಿದವು. ಹಿರಿಯರಿಗೆ ಕೈಮುಗಿಯುವುದನ್ನು ಅವರು ಧರ್ಮ ಎಂದು ಎಣಿಸುವುದೇ ಇಲ್ಲ. ಮಕ್ಕಳು ಮಾಡಲೇಬೇಕಾದ ಕೆಲಸ ಅದು, ಅಷ್ಟೇ.

ಇದರ ಕಹಿ ಮುಖವನ್ನೂ ಹೇಳಬೇಕು. ಪೀಠದ ಹೊಣೆ ಹಿರಿಯ ಮಗನದು. ಮಗನಿಲ್ಲದಿದ್ದರೆ ಊದುಬತ್ತಿ ಹಚ್ಚುವವರು ಯಾರು ಎಂಬ ಚಿಂತೆ ಈಗಲೂ ಇದೆ. ಪರಿಣಾಮ, 2019ರ ಲೆಕ್ಕದ ಪ್ರಕಾರ ಅಲ್ಲಿ 100 ಹೆಣ್ಣು ಮಕ್ಕಳು ಹುಟ್ಟಿದರೆ 111ಕ್ಕೂ ಹೆಚ್ಚು ಗಂಡು ಮಕ್ಕಳು ಹುಟ್ಟುತ್ತಿದ್ದರು. ಹೊಟ್ಟೆಯಲ್ಲಿರುವುದು ಹೆಣ್ಣು ಎಂದು ತಿಳಿದು ತೆಗೆಸುವುದು ಅಲ್ಲೂ ಕಾನೂನಿಗೆ ವಿರುದ್ಧ, ಅಲ್ಲೂ ನಿಂತಿಲ್ಲ. ತಿಥಿಯ ದಿನ ಬೆಳಗಿನಿಂದ ಅಡುಗೆಮನೆಯಲ್ಲಿ ಬೇಯುವವರು ಸೊಸೆಯಂದಿರು. ಈ ಸಂಪ್ರದಾಯದ ಮೇಲೆ ನನಗೆ ಎಷ್ಟೇ ಗೌರವ ಇದ್ದರೂ ಇದು ಅನ್ಯಾಯ.

ಅದೇ ದೇಶದಲ್ಲಿ ಬೇರೆ ದಾರಿಯೂ ಇದೆ. ಮಧ್ಯ ವಿಯೆಟ್ನಾಂನ ಚಾಮ್ ಜನರಲ್ಲಿ ವಂಶ ತಾಯಿಯ ಕಡೆಯಿಂದ ಬರುತ್ತದೆ. ಮದುವೆಯಾದ ಗಂಡು ಹೆಂಡತಿಯ ಮನೆಗೆ ಹೋಗುತ್ತಾನೆ. ಮನೆ, ಹಿರಿಯರ ಸೇವೆ ಎರಡೂ ಕಿರಿಯ ಮಗಳಿಗೆ. ಇವರ ಹಿಂದಿನವರು ಕಟ್ಟಿದ್ದೇ ಚಂಪಾ ರಾಜ್ಯ. ಮಿ ಸನ್ ಕಣಿವೆಯ ಇಟ್ಟಿಗೆಯ ಶಿವಾಲಯಗಳು, ಅಲ್ಲಿನ ಸಂಸ್ಕೃತ ಶಾಸನಗಳು ಅವರವು. 1969ರಲ್ಲಿ ಅಮೆರಿಕದ ಬಾಂಬಿಗೆ ಅಲ್ಲಿನ ಅತಿ ದೊಡ್ಡ ಗುಡಿ ಉರುಳಿತು. ಈಚೆಗೆ ನಮ್ಮ ಪುರಾತತ್ವ ಇಲಾಖೆಯವರು ಅಲ್ಲಿ ಜೀರ್ಣೋದ್ಧಾರದ ಕೆಲಸ ಮಾಡಿದರು. 2020ರಲ್ಲಿ ಅವರಿಗೆ ಒಂದೇ ಕಲ್ಲಿನ ಶಿವಲಿಂಗ ಸಿಕ್ಕಿತು.

ಡಾನಾಂಗ್ ಕಡೆ ಪ್ರವಾಸ ಹೋಗುವ ಕನ್ನಡಿಗರು ಸಾಮಾನ್ಯವಾಗಿ ಮಿ ಸನ್ ನೋಡಿ ಹಿಂದಿರುಗುತ್ತಾರೆ. ಅಲ್ಲಿ ಈಗ ಪೂಜೆ ಇಲ್ಲ. ಪೂಜೆ ನಡೆಯುವ ಗುಡಿ ನೋಡಬೇಕಾದರೆ ಇನ್ನೂ ದಕ್ಷಿಣಕ್ಕೆ, ಫಾನ್ ರಾಂಗ್‌ಗೆ ಹೋಗಿ. ಅಕ್ಟೋಬರ್ ಆಸುಪಾಸಿನಲ್ಲಿ ಚಾಮರ ಕಾತೆ ಹಬ್ಬ ಇರುತ್ತದೆ. ದೇವರೆಂದು ಪೂಜಿಸುವ ರಾಜ ಪೊ ಕ್ಲೋಂಗ್ ಗರೈಯ ಗುಡಿಯ ಬಾಗಿಲು ತೆಗೆದು, ದೇವರಿಗೆ ಸ್ನಾನ ಮಾಡಿಸಿ, ಬಟ್ಟೆ ಉಡಿಸುತ್ತಾರೆ. ಆ ರಾಜವಸ್ತ್ರಗಳನ್ನು ವರ್ಷವಿಡೀ ಕಾಯುವವರು ಬೆಟ್ಟದ ರಗ್ಲೈ ಜನ. ಚಾಮರು ಅಕ್ಕ, ರಗ್ಲೈಗಳು ತಂಗಿ ಎಂದು ಆ ಕಡೆ ಮಾತಿದೆ. ಕಿರಿಯ ಮಗಳ ಪಾಲಿಗೆ ಬಂದ ಆಸ್ತಿ ಎಂದೇ ಅವನ್ನು ಜೋಪಾನ ಮಾಡಿ, ಹಬ್ಬದ ದಿನ ಮೆರವಣಿಗೆಯಲ್ಲಿ ತಂದು ಒಪ್ಪಿಸುತ್ತಾರೆ.