ಟಿವಿ ಷೋಕೇಸಿನೊಳಗೆ ಒಂದು ಪುಟ್ಟ ಫ್ಯಾನು

(ದೃಶ್ಯ: ಟಿವಿ ಷೋಕೇಸು. ಗಾಜಿನ ಬಾಗಿಲ ಹಿಂದೆ ಸೆಟ್‌ಟಾಪ್ ಬಾಕ್ಸ್, ಅದರ ತಲೆ ಮೇಲೆ ವೈಫೈ ರೂಟರ್, ಅದರ ಮೇಲೆ ಕ್ರೋಶಾ ಬಟ್ಟೆ.)

ನಮಸ್ಕಾರ. ಈ ಬಟ್ಟೆ ನಮ್ಮಮ್ಮ ಹೆಣೆದದ್ದು. ತುಂಬಾ ಚೆನ್ನಾಗಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದರ ಕೆಳಗೆ ಕೈ ಇಟ್ಟರೆ ಮೂರು ಎಣಿಸುವುದರೊಳಗೆ ಕೈ ತೆಗೆಯಬೇಕು ಅನ್ನಿಸುತ್ತದೆ.

ಹೋದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಮಧ್ಯಾಹ್ನ ಮೂರಾದರೆ ಸಾಕು, ನೆಟ್ ಹೋಗುತ್ತಿತ್ತು. ರಾತ್ರಿ ತಾನಾಗಿಯೇ ಸರಿ. ಫೋನ್ ಮಾಡಿದರೆ ಒಂದೇ ಉತ್ತರ: "ಆಫ್ ಮಾಡಿ ಆನ್ ಮಾಡಿ ಸರ್." ಮಾಡಿದರೆ ಅರ್ಧ ಗಂಟೆ ಬರುತ್ತಿತ್ತು, ಮತ್ತೆ ಹೋಗುತ್ತಿತ್ತು. ಒಂದು ದಿನ ರೇಗಿಹೋಗಿ ಬಟ್ಟೆ ತೆಗೆದೆ, ಬಾಗಿಲು ತೆಗೆದೆ, ಟೇಬಲ್ ಫ್ಯಾನನ್ನು ಷೋಕೇಸಿನ ಕಡೆ ತಿರುಗಿಸಿದೆ. ಸಂಜೆವರೆಗೂ ನೆಟ್ ಅಲ್ಲಾಡಲಿಲ್ಲ. ಕಳ್ಳ ಸಿಕ್ಕಿದ. ಆದರೆ ಹಾಲ್ ಮಧ್ಯೆ ಟೇಬಲ್ ಫ್ಯಾನ್ ಇಟ್ಟುಕೊಂಡು ಸಂಸಾರ ಮಾಡುವುದಕ್ಕೆ ಆಗುವುದಿಲ್ಲ ಅಲ್ವಾ? ಅದಕ್ಕೇ ಇವತ್ತು ಅಂಗೈ ಅಗಲದ ಫ್ಯಾನಿನ ಕತೆ.

(ದೃಶ್ಯ: ಕೈಯಲ್ಲಿ ಹಳೆ ಕಂಪ್ಯೂಟರ್ ಫ್ಯಾನ್.)

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸೋಣ. ಫ್ಯಾನ್ ಗಾಳಿಯನ್ನು ತಣ್ಣಗೆ ಮಾಡುವುದಿಲ್ಲ. ನಮಗೆ ಫ್ಯಾನ್ ಕೆಳಗೆ ತಂಪು ಅನ್ನಿಸುವುದಕ್ಕೆ ಮುಖ್ಯ ಕಾರಣ ನಮ್ಮ ಬೆವರು. ಅದು ಆರುವಾಗ ಮೈಯ ಶಾಖವನ್ನು ತೆಗೆದುಕೊಂಡು ಹೋಗುತ್ತದೆ. ರೂಟರ್ ಬೆವರುವುದಿಲ್ಲ. ರಾಯಚೂರಿನ ಮೇ ತಿಂಗಳಲ್ಲಿ ಕೋಣೆಯೊಳಗೆ 40 ಡಿಗ್ರಿ ಇದ್ದರೆ, ಎಷ್ಟೇ ಫ್ಯಾನ್ ಹಾಕಿದರೂ ರೂಟರ್ 40ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಫ್ಯಾನ್ ಮಾಡುವ ಕೆಲಸ ಬೇರೆ. ಬಿಸಿ ವಸ್ತುವಿನ ಮೈಗೆ ಬಿಸಿ ಗಾಳಿಯ ತೆಳು ಪದರ ಅಂಟಿಕೊಂಡಿರುತ್ತದೆ, ಕಂಬಳಿ ಹೊದ್ದ ಹಾಗೆ. ಫ್ಯಾನ್ ಆ ಕಂಬಳಿಯನ್ನು ಎಳೆದು ಹಾಕುತ್ತದೆ.

ಎಳೆದದ್ದು ಎಲ್ಲಿಗೆ ಹೋಗಬೇಕು? ಜನ ಎಡವುವುದು ಇಲ್ಲೇ. ಬಾಗಿಲು ಮುಚ್ಚಿದ ಷೋಕೇಸಿನೊಳಗೆ ಫ್ಯಾನ್ ಇಟ್ಟರೆ, ಮುಚ್ಚಳ ಹಾಕಿದ ಪಾತ್ರೆಯಲ್ಲಿ ಸೌಟು ಆಡಿಸಿದ ಹಾಗೆ. ಸಾರು ತಿರುಗುತ್ತದೆ, ಆರುವುದಿಲ್ಲ. ಒಳಗೆ ಬರಲು ಒಂದು ದಾರಿ, ಹೊರಗೆ ಹೋಗಲು ಒಂದು ದಾರಿ, ಎರಡೂ ಬೇಕು. ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ. ಹಾಗಾಗಿ ಹೊರದಾರಿ ಮೇಲೆ, ಒಳದಾರಿ ಕೆಳಗೆ. ನಮ್ಮ ಷೋಕೇಸಿಗೆ ವೈರ್ ಹೋಗಲು ಹಿಂದೆ ಒಂದು ತೂತು ಮೊದಲೇ ಇತ್ತು. ಬಡಗಿಯನ್ನು ಕರೆದು ಹಿಂದಿನ ಹಲಗೆಯ ಮೇಲ್ಭಾಗದಲ್ಲಿ ಫ್ಯಾನಿನಷ್ಟೇ ದೊಡ್ಡ ಇನ್ನೊಂದು ತೂತು ಕೊರೆಸಿದೆ. ಕೆಳಗೆ ಬಾಗಿಲನ್ನು ಎರಡು ಬೆರಳು ತೆರೆದಿಟ್ಟೆ.

ಷೋಕೇಸು ಗೋಡೆಗೆ ಅಂಟಿಕೊಂಡಿದ್ದರೆ ಇದೆಲ್ಲ ದಂಡ. ನಾಲ್ಕು ಬೆರಳಾದರೂ ಮುಂದೆ ಎಳೆಯಿರಿ.

(ದೃಶ್ಯ: ಕಾಗದದ ಮೇಲೆ ಲೆಕ್ಕ.)

ಎಷ್ಟು ಗಾಳಿ ಬೇಕು? ಭಯಪಡಬೇಡಿ, ಲೆಕ್ಕ ಸಣ್ಣದು. ರೂಟರ್ 8 ವಾಟ್, ಸೆಟ್‌ಟಾಪ್ ಬಾಕ್ಸ್ 12 ವಾಟ್ ಅಂದುಕೊಳ್ಳಿ. ಒಟ್ಟು 20 ವಾಟ್, ಅಂದರೆ ಪ್ರತಿ ಸೆಕೆಂಡಿಗೆ 20 ಜೌಲ್ ಶಾಖ. ಒಂದು ಲೀಟರ್ ಗಾಳಿ ಒಂದು ಡಿಗ್ರಿ ಬಿಸಿಯಾಗಲು ಸುಮಾರು 1.2 ಜೌಲ್ ಸಾಕು. ಒಳಗಿನ ಗಾಳಿ ಕೋಣೆಗಿಂತ 5 ಡಿಗ್ರಿ ಮಾತ್ರ ಜಾಸ್ತಿ ಇರಲಿ ಎಂದರೆ, ಪ್ರತಿ ಲೀಟರ್ 6 ಜೌಲ್ ಹೊರುತ್ತದೆ. 20ನ್ನು 6ರಿಂದ ಭಾಗಿಸಿ. ಸೆಕೆಂಡಿಗೆ ಮೂರೂವರೆ ಲೀಟರಿಗೂ ಕಡಿಮೆ!

ಸಾಮಾನ್ಯ 120 ಮಿಲಿಮೀಟರ್ ಕಂಪ್ಯೂಟರ್ ಫ್ಯಾನ್ ಅಡ್ಡಿ ಇಲ್ಲದ ಜಾಗದಲ್ಲಿ, ಪೂರ್ಣ ವೇಗದಲ್ಲಿ ಸೆಕೆಂಡಿಗೆ ಇಪ್ಪತ್ತು ಲೀಟರ್ ಆಸುಪಾಸು ತಳ್ಳುತ್ತದೆ. ಅರ್ಧ ವೇಗದಲ್ಲಿ ಓಡಿಸಿದರೂ, ತೂತು, ವೈರು, ಜಾಲರಿ ಎಲ್ಲ ಅಡ್ಡ ಬಂದರೂ, ನಮ್ಮ ಕೆಲಸಕ್ಕೆ ಧಾರಾಳ.

ಇದು ಗೊತ್ತಾದ ಮೇಲೆ ಅಂಗಡಿಯಲ್ಲಿ ಮೋಸ ಹೋಗುವುದಿಲ್ಲ. 40 ಮಿಲಿಮೀಟರ್‌ನ ಚಿಕ್ಕ ಫ್ಯಾನ್ ನೋಡಲು ಮುದ್ದು. ಆದರೆ ಅಷ್ಟೇ ಗಾಳಿ ಕೊಡಲು ಅದು ತುಂಬಾ ಜೋರಾಗಿ ತಿರುಗಬೇಕು, ಸೊಳ್ಳೆಯ ಹಾಗೆ ಕೀಂಯ್ ಅನ್ನುತ್ತದೆ. ದೊಡ್ಡದನ್ನು ಕೊಂಡು ನಿಧಾನ ಓಡಿಸಿ. ವೇಗ ಅರ್ಧ ಮಾಡಿದರೆ ಗಾಳಿ ಅರ್ಧ ಆಗುತ್ತದೆ, ಫ್ಯಾನ್ ತಿನ್ನುವ ಕರೆಂಟು ಅದಕ್ಕಿಂತ ಎಷ್ಟೋ ಕಡಿಮೆ ಆಗುತ್ತದೆ, ಸದ್ದು ಹೆಚ್ಚುಕಡಿಮೆ ಅಡಗಿಯೇ ಹೋಗುತ್ತದೆ. ನನ್ನದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದದ್ದು, ಹಳೆ ಕಂಪ್ಯೂಟರಿನದು.

ಅಲ್ಲೇ 230 ವೋಲ್ಟಿನ ಲೋಹದ ಫ್ಯಾನುಗಳೂ ಸಿಗುತ್ತವೆ, ನೋಡಲು ಇದರ ಹಾಗೇ. ಮಕ್ಕಳಿರುವ ಮನೆಯ ಷೋಕೇಸಿಗೆ ದಯವಿಟ್ಟು ಅದು ಬೇಡ.

(ದೃಶ್ಯ: ಯುಎಸ್‌ಬಿ ಕೇಬಲ್, ಫ್ಯಾನಿನ ವೈರುಗಳು ಹತ್ತಿರದಿಂದ.)

ಕಂಪ್ಯೂಟರ್ ಫ್ಯಾನ್ ಸಾಮಾನ್ಯವಾಗಿ 12 ವೋಲ್ಟಿನದು. ಮೊಬೈಲ್ ಚಾರ್ಜರ್ ಕೊಡುವುದು 5 ವೋಲ್ಟ್. ಜೋಡಿಸಿದರೆ ಫ್ಯಾನ್ ನಿಧಾನವಾಗಿ ತಿರುಗುತ್ತದೆ, ನಮಗೆ ಬೇಕಾದದ್ದೂ ಅದೇ. ಹಳೆ ಯುಎಸ್‌ಬಿ ಕೇಬಲ್ ಕತ್ತರಿಸಿದರೆ ಒಳಗೆ ಸಾಮಾನ್ಯವಾಗಿ ಕೆಂಪು ಪ್ಲಸ್, ಕಪ್ಪು ಮೈನಸ್. ಮೂರು ವೈರಿನ ಫ್ಯಾನಿನಲ್ಲೂ ಹೆಚ್ಚಾಗಿ ಹಾಗೇ. ಹಳದಿ ವೈರು ವೇಗ ಎಷ್ಟಿದೆ ಎಂದು ಕಂಪ್ಯೂಟರಿಗೆ ಹೇಳಲು ಇರುವುದು. ಅದನ್ನು ಟೇಪ್ ಸುತ್ತಿ ಬಿಟ್ಟುಬಿಡಿ. ಕೇಬಲಿನ ಬಿಳಿ, ಹಸಿರು ವೈರುಗಳೂ ಅಷ್ಟೇ.

ಒಂದು ಪರೀಕ್ಷೆ ಮಾತ್ರ ತಪ್ಪಿಸಬೇಡಿ. ಕೆಲವು 12 ವೋಲ್ಟ್ ಫ್ಯಾನುಗಳು 5 ವೋಲ್ಟಿಗೆ ಏಳುವುದೇ ಇಲ್ಲ, ಬೆರಳಲ್ಲಿ ತಳ್ಳಿದರೆ ಮಾತ್ರ ತಿರುಗುತ್ತವೆ. ಹತ್ತು ಸಲ ಕಿತ್ತು ಹಾಕಿ. ಹತ್ತಕ್ಕೆ ಹತ್ತು ಸಲ ತಾನಾಗಿ ಎದ್ದರೆ ಪಾಸು. ಕರೆಂಟ್ ಹೋಗಿ ಬಂದಾಗ ತಳ್ಳುವುದಕ್ಕೆ ನೀವು ಮನೆಯಲ್ಲಿ ಇರಬೇಕಲ್ಲ? ಈ ರಗಳೆಯೇ ಬೇಡ ಅಂದರೆ ಸ್ಟಿಕ್ಕರ್ ಮೇಲೆ 5 ವೋಲ್ಟ್ ಎಂದು ಬರೆದ ಫ್ಯಾನೇ ಸಿಗುತ್ತದೆ.

ಟಿವಿಯ ಯುಎಸ್‌ಬಿಗೆ ಸಿಕ್ಕಿಸಬೇಡಿ. ಎಷ್ಟೋ ಟಿವಿಗಳಲ್ಲಿ ಟಿವಿ ಆಫ್ ಮಾಡಿದರೆ ಅದೂ ನಿಲ್ಲುತ್ತದೆ. ರೂಟರ್ ರಾತ್ರಿಯಿಡೀ ದುಡಿಯುತ್ತಲೇ ಇರುತ್ತದೆ.

(ದೃಶ್ಯ: ಊದುಬತ್ತಿ ಹಚ್ಚುವುದು.)

ಈಗ ನನಗೆ ಇಷ್ಟವಾದ ಭಾಗ. ಫ್ಯಾನ್ ಗಾಳಿ ಸಾಮಾನ್ಯವಾಗಿ ಮೋಟಾರನ್ನು ಹಿಡಿದಿರುವ ಕಡ್ಡಿಗಳ ಕಡೆಗೆ ಹೋಗುತ್ತದೆ. ಆ ಕಡೆ ಷೋಕೇಸಿನ ಹೊರಗೆ ಬರಲಿ. ಸ್ಕ್ರೂ ಹಾಕಿದ ಮೇಲೆ ದೇವರ ಮನೆಯಿಂದ ಒಂದು ಊದುಬತ್ತಿ ತಂದು ಬಾಗಿಲ ಸಂದಿಯಲ್ಲಿ ಹಿಡಿಯಿರಿ. ಹೊಗೆ ನೋಡಿ, ಒಳಗೆ ಎಳೆದುಕೊಂಡು ರೂಟರ್ ಮೇಲೆ ಹಾದು ಹಿಂದಿನಿಂದ ಹೋಗುತ್ತಿದೆ. ಮೊದಲ ಸಲ ನನ್ನ ಹೊಗೆ ವೈರಿನ ತೂತಿನಿಂದ ಬಂದು ನೇರ ಫ್ಯಾನಿಗೆ ಹೋಗುತ್ತಿತ್ತು, ರೂಟರಿನ ಕಡೆ ತಿರುಗಿಯೂ ನೋಡಲಿಲ್ಲ. ಆ ತೂತಿಗೆ ಸುಮ್ನೆ ಒಂದು ಬಟ್ಟೆ ತುರುಕಿದೆ, ಸರಿಹೋಯಿತು.

ಇಷ್ಟೆಲ್ಲ ಯಾಕೆ? ನೆಟ್‌ಗೋಸ್ಕರ ಮಾತ್ರ ಅಲ್ಲ. ರಿಪೇರಿಯವರು "ಕೆಪಾಸಿಟರ್ ಉಬ್ಬಿದೆ" ಅನ್ನುವುದನ್ನು ಕೇಳಿರುತ್ತೀರಿ. ಕೆಪಾಸಿಟರ್ ಅಂದರೆ ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಪುಟ್ಟ ಡಬ್ಬಿ, ಅದರೊಳಗೆ ದ್ರವ ಇರುತ್ತದೆ. ಶಾಖಕ್ಕೆ ಅದು ನಿಧಾನವಾಗಿ ಒಣಗುತ್ತದೆ. ಎಂಜಿನಿಯರುಗಳ ಒರಟು ಲೆಕ್ಕದಲ್ಲಿ, 10 ಡಿಗ್ರಿ ಇಳಿಸಿದರೆ ಅದರ ಆಯಸ್ಸು ಸುಮಾರು ಎರಡರಷ್ಟಾಗುತ್ತದೆ. ಹಾಗಂತ ಬಾಕ್ಸ್ ಬಿಚ್ಚಿ ಒಳಗೆ ಫ್ಯಾನ್ ಕೂರಿಸಲು ಹೋಗಬೇಡಿ. ನೇರ 230 ವೋಲ್ಟಿಗೆ ಸಿಕ್ಕಿಸುವ ಬಾಕ್ಸಾದರೆ ಒಳಗೆ 325 ವೋಲ್ಟ್ (230 ವೋಲ್ಟ್ ಕರೆಂಟಿನ ಏರಿಳಿತದ ತುದಿ ಅಷ್ಟು) ತುಂಬಿಕೊಂಡ ಕೆಪಾಸಿಟರ್ ಇರಬಹುದು, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು.

ಬಿಸಿಯಾದಾಗ ಮಾತ್ರ ಓಡಲಿ ಅಂದರೆ ಕೆಎಸ್‌ಡಿ 9700 ಎಂಬ ಬೆರಳ ತುದಿಯಷ್ಟು ಸ್ವಿಚ್ ಕೇಳಿ. 45 ಡಿಗ್ರಿಯದು, ಬಿಸಿಯಾದಾಗ ಆನ್ ಆಗುವ ಬಗೆ. ಬಿಸಿಯಾದಾಗ ಆಫ್ ಆಗುವುದೂ ಅದೇ ಹೆಸರಲ್ಲಿ ಬರುತ್ತದೆ, ತಪ್ಪಿ ತಂದರೆ ಎಲ್ಲ ಉಲ್ಟಾ. ನಾನು ಹಾಕಿಲ್ಲ. ಒಂದು ವಾಟ್ ಫ್ಯಾನ್ ತಿಂಗಳೆಲ್ಲ ಓಡಿದರೂ ಒಂದು ಯೂನಿಟ್ ಆಗುವುದಿಲ್ಲ.

(ದೃಶ್ಯ: ಧೂಳು ಹಿಡಿದ ಫ್ಯಾನ್ ರೆಕ್ಕೆ.)

ಗಾಳಿ ಬಂದಲ್ಲಿ ಧೂಳೂ ಬರುತ್ತದೆ. ಅದನ್ನು ಊದಿ ತೆಗೆಯಲು ಬ್ಲೋವರ್ ಹಿಡಿಯುವಾಗ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಇಲ್ಲದಿದ್ದರೆ ಹುಚ್ಚು ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗಬಹುದು. ನಮ್ಮ ಮನೆಯಲ್ಲಿ ಇದಕ್ಕೆ ದಿನ ಗೊತ್ತಾಗಿದೆ: ಆಯುಧಪೂಜೆ. ಅಮ್ಮ ಹೋದ ಸಲ ರೂಟರಿಗೂ ಫ್ಯಾನಿಗೂ ಕುಂಕುಮ ಇಟ್ಟರು. ಕ್ರೋಶಾ ಬಟ್ಟೆ ಈಗ ಟೀಪಾಯಿ ಮೇಲಿದೆ.