ಯಾವ ಪರ್ಸೆಂಟ್ ಅಂತ ಮೊದ್ಲ ಕೇಳ್ರಿ

ನಮಸ್ಕಾರ್ರಿ ಎಲ್ಲಾರಿಗೂ. ಪಿಯುಸಿ ಹುಡುಗ್ರಿಗೆ ಕೆಮಿಸ್ಟ್ರಿಯೊಳಗ ಪರ್ಸೆಂಟಿನಿಂದ ಮೋಲಾರಿಟಿಗೆ (ಒಂದ್ ಲೀಟರ್ ದ್ರಾವಣದಾಗ ಎಷ್ಟು ಮೋಲ್ ಅನ್ನೂದಕ್ಕ) ಹೋಗೂ ಲೆಕ್ಕ ಬಂದ್ರ ಪೆನ್ ನಿಂತ್ ಬಿಡ್ತೈತಿ. ಆದ್ರ ನಮ್ಮ ವಿಜಯಪುರ ಜಿಲ್ಲಾದಾಗ, ತಿಕೋಟಾ ಕಡೆ ದ್ರಾಕ್ಷಿ ಬೆಳೆಯೋರು ಇಂಥಾ ಲೆಕ್ಕ ಸೀಸನ್ ಪೂರ್ತಿ ಮಾಡ್ತಿರ್ತಾರ, ಮೋಲ್ ಅನ್ನೂದೊಂದ್ ಬಿಟ್ಟು.

ಒಣದ್ರಾಕ್ಷಿ ಮಾಡೂ ಮುಂದ ಗೊಂಚಲು ಅದ್ದೂ ನೀರಿಂದ ನೋಡೂಣು. ಲೀಟರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟು, 15 ಎಂಎಲ್ ಡಿಪ್ಪಿಂಗ್ ಆಯಿಲ್. ಮಾತ್ನ್ಯಾಗ 2.5 ಪರ್ಸೆಂಟು, 1.5 ಪರ್ಸೆಂಟು ಅಂತೀವಿ, ಆದ್ರ ಎರಡೂ ಒಂದೇ ಜಾತಿ ಪರ್ಸೆಂಟ್ ಅಲ್ಲ, ಪುಡಿ ತೂಗಿ ಹಾಕಿದ್ದು, ಎಣ್ಣಿ ಅಳದು ಹಾಕಿದ್ದು. ಯಾವ ಲೆಕ್ಕಕ್ಕೂ ಕೈ ಹಾಕೂ ಮೊದ್ಲ ಇದನ್ನ ಕೇಳ್ಕೋಬೇಕು, ಯಾತರ ಮ್ಯಾಲ ಯಾತರ ಪರ್ಸೆಂಟ್ ಅಂತ. ಅದು ಗೊತ್ತಾತಂದ್ರ ಮುಂದಿಂದು ಹಗುರ: ಆ 25 ಗ್ರಾಂನ ಒಂದ್ ಮೋಲ್ ಪೊಟ್ಯಾಸಿಯಂ ಕಾರ್ಬೊನೇಟಿನ ತೂಕ 138ರಿಂದ ಭಾಗಿಸಿದ್ರ 0.18 ಮೋಲಾರ್, ಸಾವಿರದಿಂದ ಗುಣಿಸಿದ್ರ ಲೀಟರಿಗೆ 25,000 ಮಿಲಿಗ್ರಾಂ.

ಪಿಪಿಎಂ, ಅಂದ್ರ ಹತ್ತು ಲಕ್ಷ ಭಾಗದಾಗ ಎಷ್ಟು ಭಾಗ ಅನ್ನೂದು, ಇನ್ನೂ ಸರಳ ಐತ್ರಿ. ಒಂದ್ ಲೀಟರ್ ನೀರು ಹೆಚ್ಚುಕಮ್ಮಿ ಒಂದ್ ಕೆಜಿ, ಅಂದ್ರ ಹತ್ತು ಲಕ್ಷ ಮಿಲಿಗ್ರಾಂ, ಅದಕ್ಕ ಲೀಟರಿಗೆ 1 ಮಿಲಿಗ್ರಾಂ ಇದ್ರ 1 ಪಿಪಿಎಂ. 100 ಲೀಟರ್ ಟ್ಯಾಂಕಿಗೆ 10 ಪಿಪಿಎಂ ಜಿಎ (ಜಿಬ್ಬರೆಲಿಕ್ ಆಸಿಡ್, ದ್ರಾಕ್ಷಿಗೆ ಹೊಡಿಯೂ ಬೆಳವಣಿಗಿ ಹಾರ್ಮೋನು) ಬೇಕಂದ್ರ ಬರೀ 1 ಗ್ರಾಂ. ಪಾಕೀಟಿನ ಮ್ಯಾಲ 90 ಪರ್ಸೆಂಟ್ ಅಂತ ಇದ್ರ 1.1 ಗ್ರಾಂ ತೂಗಬೇಕು, ಇದನ್ನ ಭಾಳ ಮಂದಿ ನೋಡೂದ ಇಲ್ಲ.

ಆದ್ರ ಲೀಟರಂದ್ರ ಕೆಜಿ ಅನ್ನೂ ಆಟ ತೆಳು ದ್ರಾವಣದಾಗಷ್ಟ ನಡೀತೈತಿ. ಲ್ಯಾಬಿನ ಗಟ್ಟಿ ಹೈಡ್ರೋಕ್ಲೋರಿಕ್ ಆಸಿಡ್ ಬಾಟ್ಲಿ ತಗೋರಿ, 37 ಪರ್ಸೆಂಟು, ಇದು ತೂಕಕ್ಕ ತೂಕ. ಸಾಂದ್ರತೆ 1.19 ಇರೂದ್ರಿಂದ ಒಂದ್ ಲೀಟರ್ 1190 ಗ್ರಾಂ ತೂಗ್ತೈತಿ, ಅದ್ರಾಗ 37 ಪರ್ಸೆಂಟ್ ಅಂದ್ರ 440 ಗ್ರಾಂ ಆಸಿಡ್, ಅದರ ಒಂದ್ ಮೋಲ್ ತೂಕ 36.5ರಿಂದ ಭಾಗಿಸಿದ್ರ 12 ಮೋಲಾರ್. ಸಾಂದ್ರತೆ ಮರತು 370ನ್ನ ಭಾಗಿಸಿದ್ರ 10 ಬರ್ತೈತಿ, ಪೇಪರ್‌ನ್ಯಾಗ ಮಾರ್ಕ್ಸ್ ಹೋಗ್ತಾವು, ಲ್ಯಾಬಿನ್ಯಾಗ ಟೈಟ್ರೇಶನ್ ಹೋಗ್ತೈತಿ.

ಮೋಲಾಲಿಟಿ, ಅಂದ್ರ ಒಂದ್ ಕೆಜಿ ನೀರಿಗೆ ಎಷ್ಟು ಮೋಲ್ ಅನ್ನೂದು, ಕೇಳಿದ್ರ ಇನ್ನೊಂದ್ ಹೆಜ್ಜಿ. 1190ರಾಗ 440 ಕಳದ್ರ ನೀರು ಉಳಿಯೂದು 750 ಗ್ರಾಂ ಅಷ್ಟ, ಆ 12 ಮೋಲ್‌ನ 0.75 ಕೆಜಿಯಿಂದ ಭಾಗಿಸ್ರಿ, 16 ಬರ್ತೈತಿ. ಹುಡುಗ್ರು ಪೂರಾ 1190ರಿಂದ ಭಾಗಿಸಿ ಕುಂದರ್ತಾರ. ನಮ್ಮೂರ ಬ್ಯಾಸಗಿಯೊಳಗ ದ್ರಾವಣ ಕಾದು ಹಿಗ್ಗಿದ್ರ ಮೋಲಾರಿಟಿ ಚೂರು ಇಳೀತೈತಿ, ಮೋಲಾಲಿಟಿ ಅಲ್ಲಾಡೂದಿಲ್ಲ, ತೂಕದ ಲೆಕ್ಕ ನೋಡ್ರಿ.

ಕಡೀಕ ಬೋರ್ ನೀರಿನ ರಿಪೋರ್ಟ್. ಅಲ್ಲಿ ಕ್ಯಾಲ್ಸಿಯಂ 40, ಗಡಸುತನ 100 ಅಂತ ಎರಡು ನಂಬರ್ ಕಂಡ್ರ ಗಾಬ್ರಿ ಆಗಬ್ಯಾಡ್ರಿ. ಗಡಸುತನ ಬರಿಯೂ ಮುಂದ ಅದನ್ನೆಲ್ಲಾ ಕ್ಯಾಲ್ಸಿಯಂ ಕಾರ್ಬೊನೇಟ್ ಅಂತ ಹಿಡದು ಬರೀತಾರ, 40 ಗ್ರಾಂ ಕ್ಯಾಲ್ಸಿಯಂ ಇದ್ದಲ್ಲಿ 100 ಗ್ರಾಂ ಕಾರ್ಬೊನೇಟ್, ಹಂಗಾಗಿ ಎರಡೂವರೆಪಟ್ಟು. ಮೆಗ್ನೀಸಿಯಂ ಇದ್ರ ಅದನ್ನ 4.1ರಿಂದ ಗುಣಿಸಿ ಕೂಡಸ್ರಿ. ಕುಡಿಯೂ ನೀರಿಗೆ ಬಿಐಎಸ್ (ಭಾರತದ ಮಾನಕ ಸಂಸ್ಥೆ) ಹೇಳೂ 200 ಮಿಲಿಗ್ರಾಂ ಈ ಕೂಡಿಸಿದ ನಂಬರಿಗೆ, ಬರೀ ಕ್ಯಾಲ್ಸಿಯಂಗೆ ಬ್ಯಾರೆ ಮಿತಿ ಐತಿ, ಅದು 75. ನಮಸ್ಕಾರ.