ಗೊನೆ ಮೊದಲೋ, ಕಾಯಿ ಮೊದಲೋ?

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ಬಾಗಿಲ ಹತ್ತಿರ ಛತ್ರಿಗಳ ರಾಶಿ ನೋಡಿದೆ. ಹೋಗುವಾಗ ಯಾರ ಛತ್ರಿ ಯಾರ ಮನೆ ಸೇರುತ್ತದೆ ಅಂತ ಭೌತಶಾಸ್ತ್ರ ಹೇಳಲಾರದು.

ಇವತ್ತಿನ ವಿಷಯ ಮನಸ್ಸಿನಲ್ಲೇ ಮಾಡುವ ಪ್ರಯೋಗಗಳು. ಚೀಟಿಯಲ್ಲಿ ಐದು ಬರೆದುಕೊಂಡು ಬಂದಿದ್ದೇನೆ. ಎಷ್ಟು ಮುಗಿಯುತ್ತದೋ ನೋಡೋಣ.

ನಾನು ಪಿಯುಸಿಗೆ ಪಾಠ ಮಾಡುತ್ತಿದ್ದ ಕಾಲ. ಭಾರದ ವಸ್ತು, ಹಗುರ ವಸ್ತು ಎರಡೂ ಒಟ್ಟಿಗೇ ಬೀಳುತ್ತವೆ ಅಂತ ಬೋರ್ಡಿನ ಮೇಲೆ ಬರೆದೆ. ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗಿ ಎದ್ದು ನಿಂತಳು. "ಇಲ್ಲ ಸಾರ್, ಅಡಿಕೆ ಗೊನೆ ಬೇಗ ಬೀಳತ್ತೆ. ಸಿಂಗಾರದ ಹೂವು ತೇಲ್ಕೊಂಡು ಬರತ್ತೆ. ನಮ್ಮ ತೋಟದಲ್ಲಿ ದಿನಾ ನೋಡ್ತೀನಿ." ನಾನೇನು ಹೇಳಿದೆ ಗೊತ್ತಾ? "ಪರೀಕ್ಷೆಯಲ್ಲಿ ಹಾಗೆ ಬರೀಬೇಡ, ಕೂತ್ಕೋ." ಕೂತಳು. ನಾನು ಸೂತ್ರ ಬರೆದು ಮುಂದೆ ಹೋದೆ. ಸಿಲಬಸ್ ಮುಗಿಸಬೇಕಿತ್ತಲ್ಲ!

ಎರಡು ದಿನ ಬಿಟ್ಟು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. "ಸಾರ್, ಒಂದೊಂದೇ ಕಾಯಿ ಉದುರಿದ್ರೆ ನಿಧಾನವಾಗಿ ಬೀಳಬೇಕು ಅಂತಿಟ್ಕೊಳ್ಳಿ. ಅದೇ ಕಾಯಿಗಳು ಗೊನೆಯಲ್ಲಿದ್ರೆ ಬೇಗ ಬೀಳಬೇಕಾ? ಪಕ್ಕದ ಕಾಯಿ ಜೊತೆಗಿದೆ ಅಂತ ಈ ಕಾಯಿಗೆ ಹೇಗೆ ಗೊತ್ತಾಗತ್ತೆ?"

ನನ್ನ ಕೈಯಲ್ಲಿದ್ದ ಟೀ ಹಾಗೇ ಉಳಿಯಿತು.

ಗೆಲಿಲಿಯೋ 1638ರ ಪುಸ್ತಕದಲ್ಲಿ ಮಾಡಿದ್ದೂ ಇದನ್ನೇ. ದೊಡ್ಡ ಕಲ್ಲಿಗೆ ಸಣ್ಣ ಕಲ್ಲು ಕಟ್ಟಿ. ಸಣ್ಣದು ನಿಧಾನ ಅನ್ನುವುದಾದರೆ ಅದು ದೊಡ್ಡದನ್ನು ಹಿಂದಕ್ಕೆ ಜಗ್ಗಬೇಕು. ಆದರೆ ಎರಡೂ ಸೇರಿ ಭಾರ ಜಾಸ್ತಿಯಾಯಿತಲ್ಲ, ಇನ್ನೂ ಬೇಗ ಬೀಳಬೇಕು! ಒಂದೇ ಕಟ್ಟು ನಿಧಾನವಾಗಿಯೂ ಬೇಗವಾಗಿಯೂ ಬೀಳಲು ಆಗುತ್ತದಾ? ಭಾರದ್ದು ಬೇಗ ಬೀಳುತ್ತದೆ ಅನ್ನುವ ಅರಿಸ್ಟಾಟಲನ ಮಾತು ಅಲ್ಲೇ ಮುರಿದು ಬಿತ್ತು. ಕಲ್ಲು ಎತ್ತಿ ಹಾಕುವ ಅಗತ್ಯವೇ ಬರಲಿಲ್ಲ. ಗೆಲಿಲಿಯೋ ಪೀಸಾ ಗೋಪುರ ಹತ್ತಿ ಭಾರದ್ದು, ಹಗುರದ್ದು ಎರಡನ್ನೂ ಬಿಟ್ಟ ಕಥೆ ನಡೆದದ್ದೇ ಹೌದಾ ಅಂತ ಇತಿಹಾಸ ಬರೆಯುವವರಿಗೇ ಅನುಮಾನವಿದೆ. ಈ ಹುಡುಗಿ ಗೆಲಿಲಿಯೋನನ್ನು ಓದಿರಲಿಲ್ಲ. ತೋಟದಲ್ಲಿ ಬಿದ್ದ ಕಾಯಿ ಹೆಕ್ಕುತ್ತಿದ್ದಳು, ಅಷ್ಟೇ. ಅದಕ್ಕೇ ಹೇಳುವುದು, ಸೂತ್ರ ಆಮೇಲೆ.

ಹೂವಿನ ಪ್ರಶ್ನೆ ಉಳಿಯಿತು, ಅಲ್ವಾ? ನೋಡಿ, ಈ ನೋಟ್ ಪುಸ್ತಕ, ಈ ಕಾಗದದ ಚೂರು. ಬೇರೆ ಬೇರೆ ಬಿಡುತ್ತೇನೆ. ಪುಸ್ತಕ ದೊಪ್ಪಂತ ಬಿತ್ತು, ಚೂರು ಓಲಾಡಿಕೊಂಡು ಬಂತು. ಈಗ ಚೂರನ್ನು ಪುಸ್ತಕದ ಮೇಲೆ ಇಡುತ್ತೇನೆ. ಅಂಟು ಹಾಕಿಲ್ಲ, ಮುಂದಿನ ಸಾಲಿನವರು ಮುಟ್ಟಿ ನೋಡಿ. ಬಿಟ್ಟೆ. ಎರಡೂ ಒಟ್ಟಿಗೇ! ಕೆಳಗಿನ ಗಾಳಿಯನ್ನು ಪುಸ್ತಕ ಸರಿಸಿಕೊಂಡು ಹೋಯಿತು. ಚೂರಿಗೆ ತಡೆಯುವವರೇ ಇಲ್ಲ. 1971ರಲ್ಲಿ ಅಪೋಲೋ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆ ಮತ್ತು ಗಿಡುಗದ ಗರಿ ಬಿಟ್ಟು ತೋರಿಸಿದ. ಅಲ್ಲಿ ಗಾಳಿ ಇಲ್ಲ, ಎರಡೂ ಒಟ್ಟಿಗೇ ಬಿದ್ದವು.

ಗಾಳಿಯನ್ನು ಬೈಯಬೇಡಿ ಮತ್ತೆ. ಆಗುಂಬೆಯ ಮಳೆಹನಿ ಎರಡು ಕಿಲೋಮೀಟರ್ ಮೇಲಿಂದ ಬೀಳುತ್ತದೆ ಅಂದುಕೊಳ್ಳಿ. ಗಾಳಿ ಇಲ್ಲದಿದ್ದರೆ ನೆಲ ಮುಟ್ಟುವಾಗ ಗಂಟೆಗೆ 700 ಕಿಲೋಮೀಟರ್ ವೇಗ. ಕಂಬಳಿ ಕೊಪ್ಪೆಯೂ ತೂತು! ಗಾಳಿ ತಡೆಯುವುದರಿಂದ ದಪ್ಪ ಹನಿಯೂ 30ರ ಆಸುಪಾಸಿನಲ್ಲಿ ಬರುತ್ತದೆ, ನಮ್ಮ ಘಾಟಿ ಬಸ್ಸಿನ ಹಾಗೆ. ಜೋಗದಲ್ಲಿ 253 ಮೀಟರ್ ಮೇಲಿಂದ ಕಲ್ಲು ಬಿಟ್ಟರೆ ಕೆಳಗೆ ಮುಟ್ಟಲು ಎಷ್ಟು ಹೊತ್ತು? ಗಾಳಿ ಲೆಕ್ಕ ಬಿಟ್ಟರೆ ಏಳು ಸೆಕೆಂಡು ಚಿಲ್ಲರೆ. ಮೊದಲು ಅಂದಾಜು ಮಾಡಿ ಅಂತ ಮಕ್ಕಳಿಗೆ ಹೇಳಿ. ಅರ್ಧ ನಿಮಿಷ ಅನ್ನುವವರೂ ಇರುತ್ತಾರೆ. ಅನ್ನಲಿ ಬಿಡಿ. ಸೂತ್ರ ಆಮೇಲೆ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಚೀಟಿಯಲ್ಲಿದ್ದ ನ್ಯೂಟನ್‌ನ ಫಿರಂಗಿ ಪ್ರಯೋಗವನ್ನು ಇವತ್ತಿಗೆ ಕೈಬಿಟ್ಟೆ. ಐನ್‌ಸ್ಟೈನ್ ಬಗ್ಗೆ ಒಂದೇ ಮಾತು: 1907ರಲ್ಲಿ ಬರ್ನ್‌ನ ಪೇಟೆಂಟ್ ಕಚೇರಿಯಲ್ಲಿ ಕೂತಿದ್ದಾಗ, ಬೀಳುತ್ತಿರುವ ಮನುಷ್ಯನಿಗೆ ತನ್ನ ಭಾರವೇ ಗೊತ್ತಾಗುವುದಿಲ್ಲ ಅಂತ ಹೊಳೆಯಿತು. ಸಾಮಾನ್ಯ ಸಾಪೇಕ್ಷತೆ, ಅಂದರೆ ಗುರುತ್ವದ ಬಗ್ಗೆ ಅವನ ಸಿದ್ಧಾಂತ, ಅದರ ದಾರಿ ಅಲ್ಲಿಂದ ಶುರು. ಉಳಿದದ್ದು ಇನ್ನೊಮ್ಮೆ.

ಕೊನೆಗೆ ಒಂದು ಪ್ರಶ್ನೆ. ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ಮಗುವಿಗೆ ಗ್ಯಾಸ್ ಬಲೂನ್ ಕೊಡಿಸಿ ಬಸ್ ಹತ್ತಿದಿರಿ. ಕಿಟಕಿ ಎಲ್ಲ ಮುಚ್ಚಿದೆ. ದಾರ ಮಗುವಿನ ಕೈಯಲ್ಲಿ, ಬಲೂನು ಮೇಲೆ ತೇಲುತ್ತಿದೆ. ದನ ಅಡ್ಡ ಬಂತು, ಡ್ರೈವರ್ ಗಕ್ಕಂತ ಬ್ರೇಕ್ ಹಾಕಿದ. ನಾವೆಲ್ಲ ಮುಂದಕ್ಕೆ ವಾಲುತ್ತೇವೆ. ಬಲೂನು ಯಾವ ಕಡೆಗೆ?

ಹಿಂದಿನ ಸಾಲಿನಲ್ಲಿ ಯಾರೋ "ಮುಂದಕ್ಕೇ" ಅಂದರು. ನಾನು ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಟೀ ರೆಡಿಯಾಗಿದೆಯಂತೆ, ಅಲ್ಲಿ ಸಿಗೋಣ.